ಬಿಸಿಲು ಬಿಟ್ಟಿ, ನೀರು ದುಬಾರಿ: ಸ್ಪೇನಿನ ಕೋಸ್ಟಾ ಬ್ಲಾಂಕಾ

(ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಆಡಿದ ಮಾತಿನ ಬರಹ ರೂಪ. ಆಮೇಲೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ರವಾಸದ ಬಗ್ಗೆ ಮಾತಾಡಿ ಅಂದಾಗ ನಾನು ಒಂದು ಷರತ್ತು ಹಾಕಿದ್ದೆ, ಫೋಟೋ ತೋರಿಸುವುದಿಲ್ಲ ಅಂತ. ಮೆಡಿಟರೇನಿಯನ್ ತೀರದ ಫೋಟೋಗಳು ನಿಮ್ಮ ಫೋನಿನಲ್ಲೇ ಬೇಕಾದಷ್ಟು ಸಿಗುತ್ತವೆ. ನೀಲಿ ನೀರು, ಬಿಳಿ ಗೋಡೆ, ಗೋಡೆಯ ಮೇಲೆ ಕಾಗದದ ಹೂವಿನ ಬಳ್ಳಿ. ಎಲ್ಲ ನಿಜವೇ. ಆದರೆ ನಾನು ಸರ್ವೀಸಿನಲ್ಲಿ ಇದ್ದಷ್ಟು ಕಾಲವೂ ಊರುಗಳಿಗೆ ಕುಡಿಯುವ ನೀರು ಕೊಡುವ ಕೆಲಸ ಮಾಡಿದವನು. ಯಾವ ಊರಿಗೆ ಹೋದರೂ ಕಣ್ಣು ಮೊದಲು ಹೋಗುವುದು ನಲ್ಲಿಯ ಕಡೆಗೇ. ಮಗಳು ಆ ಕಡೆ ಓದುತ್ತಿದ್ದಾಗ ಹೋಗಿ ಬರುವ ಅವಕಾಶ ಸಿಕ್ಕಿತು. ಅಲ್ಲೂ ಇದೇ ಚಾಳಿ. ಹಾಗಾಗಿ ಇವತ್ತು ನೀರಿನ ಕಡೆಯಿಂದ ನೋಡಿದ ಕಡಲತೀರದ ಕಥೆ ಹೇಳುತ್ತೇನೆ.

ಸ್ಪೇನಿನ ಆಗ್ನೇಯಕ್ಕೆ ಅಲಿಕಾಂತೆ ಅಂತ ಒಂದು ಪ್ರಾಂತ್ಯ. ಉತ್ತರದ ದೇನಿಯಾದಿಂದ ದಕ್ಷಿಣದ ಕೊನೆಯವರೆಗೆ ಇನ್ನೂರು ಕಿಲೋಮೀಟರಿಗೂ ಜಾಸ್ತಿ ಕರಾವಳಿ. ಇದಕ್ಕೆ ಕೋಸ್ಟಾ ಬ್ಲಾಂಕಾ, ಅಂದರೆ ಬಿಳಿ ತೀರ ಎಂಬ ಹೆಸರು. ಬ್ರಿಟನ್ನಿನವರು, ನಾರ್ವೆಯವರು, ಡಚ್ಚರು ಚಳಿ ತಾಳಲಾರದೆ ಇಲ್ಲಿಗೆ ಓಡಿ ಬರುತ್ತಾರೆ. ಜನವರಿಯಲ್ಲೂ ಹಗಲು 17 ಡಿಗ್ರಿ. ಹಾಗೆ ಬಂದವರಲ್ಲಿ ಎಷ್ಟೋ ಜನ ಮನೆ ಕೊಂಡು ಇಲ್ಲೇ ಉಳಿದುಬಿಟ್ಟಿದ್ದಾರೆ. ಅಲ್ಫಾಸ್ ಅನ್ನುವ ಸಣ್ಣ ಊರಿನಲ್ಲಿ ನಾರ್ವೆಯವರಿಗಾಗಿಯೇ ಶಾಲೆ ಇದೆ ಅಂದರೆ ನೋಡಿ.

ಈಗ ಮಳೆಯ ಲೆಕ್ಕ. ಅಲಿಕಾಂತೆ ನಗರಕ್ಕೆ ವರ್ಷಕ್ಕೆ ಬೀಳುವುದು ಸುಮಾರು 300 ಮಿಲಿಮೀಟರ್. ನಮ್ಮ ಚಳ್ಳಕೆರೆಗೂ ಇದಕ್ಕಿಂತ ಹೆಚ್ಚು ಬೀಳುತ್ತದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳು ದೇಶದ ಉದ್ದಕ್ಕೂ ಸುರಿದು, ಬೆಟ್ಟ ದಾಟಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ಖಾಲಿಯಾಗಿರುತ್ತವೆ. ತಮಾಷೆ ಅಂದರೆ ಒಂದು ಗಂಟೆ ಕಾರಿನಲ್ಲಿ ಉತ್ತರಕ್ಕೆ ಹೋದರೆ, ದೇನಿಯಾ ಹಿಂದಿನ ಬೆಟ್ಟಸಾಲಿನಲ್ಲಿ ಇದರ ಎರಡು ಪಟ್ಟಿಗೂ ಜಾಸ್ತಿ ಮಳೆ. ಅಲ್ಲಿ ಬೆಟ್ಟ ಕಡಲ ಗಾಳಿಗೆ ಎದೆಯೊಡ್ಡಿ ನಿಂತಿದೆ, ಇಲ್ಲಿ ಮರೆಯಾಗಿ ಕೂತಿದೆ. ಜುಲೈನಲ್ಲಂತೂ ಅಲಿಕಾಂತೆಯಲ್ಲಿ ಮಳೆ ಅನ್ನುವುದು ಬರೀ ಹೆಸರಿಗೆ. ಆದರೆ ಪ್ರವಾಸಿಗರು ಮುಗಿಬೀಳುವುದು ಆ ಜುಲೈ, ಆಗಸ್ಟ್‌ನಲ್ಲೇ. ಹಳ್ಳ ಬತ್ತಿದ ಹೊತ್ತಿಗೆ ಸರಿಯಾಗಿ ಮನೆ ತುಂಬ ನೆಂಟರು. ಈ ತೀರದ ಇಡೀ ಬದುಕು ಈ ಒಂದು ಪೇಚಿನ ಸುತ್ತ ಕಟ್ಟಿಕೊಂಡದ್ದು. ಅಲ್ಲಿ ನೋಡಲೇಬೇಕು ಅನ್ನುವ ಜಾಗಗಳಲ್ಲಿ ಬಹಳಷ್ಟು ಅದರಿಂದಲೇ ಹುಟ್ಟಿದವು.

ಮೊದಲು ಬೆನಿಡೋರ್ಮ್. ಇದರ ಹೆಸರು ಎತ್ತಿದರೆ ಯುರೋಪಿನ ಓದಿದವರು ಮೂಗು ಮುರಿಯುತ್ತಾರೆ. ಸಮುದ್ರದ ದಂಡೆಗೆ ನೂರಾರು ಗಗನಚುಂಬಿಗಳು. 2002ರಲ್ಲಿ ತೆರೆದ ಗ್ರಾನ್ ಹೋಟೆಲ್ ಬಾಲಿ ಒಂದೇ 186 ಮೀಟರ್ ಎತ್ತರ. ಕೆಳಗೆ ಬೆಳಿಗ್ಗೆಯಿಂದ ಬಿಯರ್, ಇಂಗ್ಲಿಷ್ ತಿಂಡಿ, ರಾತ್ರಿಯಿಡೀ ಗಲಾಟೆ. ಅಯ್ಯೋ ಅಲ್ಲಿಗೆ ಹೋದಿರಾ ಅಂತ ನನ್ನನ್ನೂ ಕೇಳಿದವರಿದ್ದಾರೆ. ಹೋದೆ, ಇಷ್ಟವಾಯಿತು. ಯಾಕೆ ಅಂತ ಹೇಳುತ್ತೇನೆ.

ಎಪ್ಪತ್ತು ವರ್ಷದ ಹಿಂದೆ ಇದು ಮೀನುಗಾರರ ಸಣ್ಣ ಊರು. ಟ್ಯೂನಾ ಮೀನಿಗೆ ದೊಡ್ಡ ಬಲೆ ಹಾಕುವುದರಲ್ಲಿ ಇಲ್ಲಿನವರದು ಎತ್ತಿದ ಕೈ. ಪೆದ್ರೋ ಸರಗೋಸಾ ಅನ್ನುವವರು 1950ರಲ್ಲಿ ಮೇಯರ್ ಆದರು. ಬೀಚಿನಲ್ಲಿ ಬಿಕಿನಿಗೆ ಅವಕಾಶ ಕೊಟ್ಟರು. ಚರ್ಚಿನವರು ಸಿಟ್ಟಾದರು. ಆಗ ಸ್ಪೇನಿನಲ್ಲಿ ಫ್ರಾಂಕೋನ ಸರ್ವಾಧಿಕಾರ. ಮೇಯರ್ ವೆಸ್ಪಾ ಸ್ಕೂಟರ್ ಹತ್ತಿ ಮ್ಯಾಡ್ರಿಡ್‌ಗೆ ಹೋಗಿ ಫ್ರಾಂಕೋನನ್ನೇ ಕಂಡು ಬಂದರಂತೆ. ನಾನೂರು ಕಿಲೋಮೀಟರ್ ದಾರಿ, ಆಗಿನ ರಸ್ತೆ. ಇದು ಅವರೇ ಹೇಳಿಕೊಂಡು ಬಂದ ಕಥೆ, ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಊರಿನವರಿಗಂತೂ ಪ್ರಾಣ.

ಬಿಕಿನಿ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನಿಸಿದ್ದು ಅದೇ ಮೇಯರ್ 1956ರಲ್ಲಿ ಮಾಡಿಸಿದ ನಗರ ಯೋಜನೆ. ಕೆಲವು ವರ್ಷದ ಮೇಲೆ ಅದರಲ್ಲಿದ್ದ ಎತ್ತರದ ಮಿತಿಯನ್ನೂ ತೆಗೆದರು. ಎಷ್ಟು ಬೇಕಾದರೂ ಎತ್ತರಕ್ಕೆ ಕಟ್ಟಿ, ಆದರೆ ಸುತ್ತ ಜಾಗ ಬಿಡಿ. ಹೀಗಾಗಿ ಊರು ಅಡ್ಡಡ್ಡ ಹರಡದೆ ಉದ್ದಕ್ಕೆ ಬೆಳೆಯಿತು. ಬಹುಪಾಲು ಜನ ಬೀಚಿಗೆ ನಡೆದೇ ಹೋಗುತ್ತಾರೆ, ಕಾರು ಬೇಕಿಲ್ಲ. ಈಗ ನೀರಿನವನ ಕಣ್ಣಿಂದ ನೋಡಿ. ಮುನ್ನೂರು ಕೋಣೆಯ ಹೋಟೆಲಿಗೆ ಒಂದು ಈಜುಕೊಳ. ಹುಲ್ಲುಹಾಸು ಇಲ್ಲವೇ ಇಲ್ಲ ಅನ್ನಬಹುದು. ಪೈಪ್ ಲೈನ್ ಗಿಡ್ಡ, ಹಾಗಾಗಿ ಸೋರಿಕೆ ಹುಡುಕುವುದು ಸುಲಭ. ಅಕ್ಕಪಕ್ಕದ ಗುಡ್ಡಗಳಲ್ಲಿ ಬಿಳಿ ಬಂಗಲೆಗಳಿವೆಯಲ್ಲ, ಫೋಟೋದಲ್ಲಿ ಬಹಳ ಚೆಂದ. ಅಲ್ಲಿ ಮನೆಗೊಂದು ಕೊಳ, ಮನೆಗೊಂದು ಹುಲ್ಲುಹಾಸು. ತಲಾ ಲೆಕ್ಕ ಹಾಕಿದರೆ ನೀರು ಕುಡಿಯುವುದು ಆ ಚೆಂದದ ಬಂಗಲೆಗಳೇ. ಕಾಂಕ್ರೀಟ್ ಕಾಡು ಅಂತ ಬೈಸಿಕೊಳ್ಳುವ ಊರು ನೀರಿನ ಮಟ್ಟಿಗೆ ಮಿತವ್ಯಯಿ.

ಈ ಬುದ್ಧಿ ಸುಮ್ನೆ ಬಂದದ್ದಲ್ಲ. 1978ರಲ್ಲಿ ಬರ ಬಿದ್ದು ಬೆನಿಡೋರ್ಮ್‌ಗೆ ಹಡಗಿನಲ್ಲಿ ಕುಡಿಯುವ ನೀರು ತರಿಸಬೇಕಾಯಿತು. ಹೋಟೆಲ್ ತುಂಬ ಜನ, ನಲ್ಲಿಯಲ್ಲಿ ಗಾಳಿ. ನನ್ನಂಥವನಿಗೆ ಕನಸಿನಲ್ಲೂ ಬೆವರು ಬರಿಸುವ ಚಿತ್ರ ಅದು. ಆ ಹೊತ್ತಿಗೆ ಸುತ್ತಲಿನ ಊರುಗಳು ಸೇರಿ ಒಂದು ನೀರಿನ ಒಕ್ಕೂಟ ಮಾಡಿಕೊಂಡಿದ್ದವು. ಅದರ ಮೂಲಕ ರೈತರ ಜೊತೆ ಒಪ್ಪಂದವಾಯಿತು. ಬೆಟ್ಟದ ಮೇಲೆ ಅಲ್ಗಾರ್ ಅನ್ನುವ ಬುಗ್ಗೆ, ಗ್ವಾದಲೆಸ್ತ್ ಅನ್ನುವ ಅಣೆಕಟ್ಟು ಇವೆ. ಆ ಸಿಹಿನೀರಿನ ಮೇಲೆ ಮೊದಲ ಹಕ್ಕು ರೈತರದು. ಮಳೆ ಕೈಕೊಟ್ಟ ವರ್ಷ ರೈತರು ಸಿಹಿನೀರನ್ನು ಊರಿಗೆ ಬಿಡುತ್ತಾರೆ. ಬದಲಿಗೆ ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ, ಉಪ್ಪಿನಂಶ ಇಳಿಸಿ, ಬೆಟ್ಟಕ್ಕೆ ಪಂಪ್ ಮಾಡಿ ರೈತರಿಗೆ ಕೊಡುತ್ತಾರೆ. ಖರ್ಚು ಊರಿನದು.

ಈ ಬುಗ್ಗೆಯ ಹತ್ತಿರ ಕಯೋಸಾ ಅಂತ ಊರು. ಅಲ್ಲಿ ಲೊಕ್ವಾಟ್ ಹಣ್ಣು ಬೆಳೆಯುತ್ತಾರೆ. ತೋಟದ ತುಂಬ ಕಂಬ ನೆಟ್ಟು, ಇಡೀ ಇಳಿಜಾರಿಗೆ ಬಲೆ ಹೊದಿಸಿರುತ್ತಾರೆ, ಗಾಳಿಗೆ ಹಣ್ಣಿನ ಸಿಪ್ಪೆ ತರಚಬಾರದು ಅಂತ. ಬಲೆಯ ಕೆಳಗೆ ಹೋದರೆ ಬಿಸಿಲು ಹಾಲಿನ ಹಾಗೆ ತಿಳಿಯಾಗಿ ಬೀಳುತ್ತದೆ. ಬುಡಕ್ಕೆ ಕಪ್ಪು ಪೈಪು, ಪೈಪಿನಿಂದ ತೊಟ್ಟು ತೊಟ್ಟು ನೀರು. ಏಪ್ರಿಲ್, ಮೇನಲ್ಲಿ ಹೋದರೆ ರಸ್ತೆ ಬದಿಯಲ್ಲೇ ಹಣ್ಣು ಸಿಗುತ್ತದೆ. ಹುಳಿಸಿಹಿ, ಒಳಗೆ ನುಣ್ಣನೆ ಕಂದು ಬೀಜ. ಬುಗ್ಗೆಯ ಜಾಗದಲ್ಲಿ ಜಲಪಾತವೂ ಇದೆ, ಪ್ರವಾಸಿಗರು ಮೈ ಕೊರೆಯುವ ತಣ್ಣೀರಿಗೆ ಇಳಿದು ಕಿರುಚುತ್ತಿರುತ್ತಾರೆ.

ನಮ್ಮಲ್ಲೂ 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಇಲ್ಲಿ ಕೂತವರಲ್ಲಿ ಕೋಲಾರದ ಕಡೆಯವರು ಇದ್ದೀರಿ, ಆ ನೀರನ್ನು ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಅಂತ ನಡೆದ ಜಗಳ ನಿಮಗೆ ಗೊತ್ತು. ಎರಡಕ್ಕೂ ಒಂದು ವ್ಯತ್ಯಾಸ ಇದೆ. ಬೆನಿಡೋರ್ಮ್‌ನ ರೈತನ ಹತ್ತಿರ ಬದಲಿಗೆ ಕೊಡಲು ಸಿಹಿನೀರು ಇದೆ. ನೀರು ಸರಿಯಿಲ್ಲ ಅಂದರೆ ಅವನು ತನ್ನದನ್ನು ಬಿಡುವುದಿಲ್ಲ ಅನ್ನಬಹುದು. ನಮ್ಮ ಕೋಲಾರದ ರೈತನ ಕೈಯಲ್ಲಿ ಆ ಹಿಡಿತ ಇಲ್ಲ.

ಬೆನಿಡೋರ್ಮ್ ಬಿಡುವ ಮುಂಚೆ ಒಂದು ದಂತಕಥೆ. ಊರಿನ ಹಿಂದೆ ಪುಚ್ ಕಂಪಾನಾ ಅನ್ನುವ 1,400 ಮೀಟರಿನ ಬೆಟ್ಟ. ಅದರ ನೆತ್ತಿಯಲ್ಲಿ ಚೌಕಾಕಾರದ ಒಂದು ಕಚ್ಚು ಇದೆ, ಯಾರೋ ಕೊಡಲಿಯಿಂದ ತುಂಡು ತೆಗೆದ ಹಾಗೆ. ರೊಲ್ದಾನ್ ಅನ್ನುವ ದೈತ್ಯನ ಪ್ರೇಯಸಿ ಸೂರ್ಯನ ಕೊನೆಯ ಕಿರಣ ಹೋದ ಕೂಡಲೇ ಸಾಯುತ್ತಾಳೆ ಅಂತ ಶಾಪ ಇತ್ತಂತೆ. ಅವನು ಬೆಟ್ಟದ ತುದಿಯನ್ನೇ ಕಡಿದ, ಇನ್ನೊಂದು ಗಳಿಗೆ ಬಿಸಿಲು ಸಿಗಲಿ ಅಂತ. ಕಡಿದ ತುಂಡು ಉರುಳಿ ಸಮುದ್ರಕ್ಕೆ ಬಿದ್ದು ಎದುರಿಗೆ ಕಾಣುವ ಪುಟ್ಟ ದ್ವೀಪವಾಯಿತು. ಬಿಸಿಲನ್ನು ಇನ್ನಷ್ಟು ಹೊತ್ತು ಹಿಡಿದಿಡಲು ಹೆಣಗುವ ಕಥೆಯನ್ನು ಬಿಸಿಲೇ ಬಂಡವಾಳವಾದ ಊರು ಹೇಳಿಕೊಳ್ಳುವುದು ಎಷ್ಟು ಸರಿ ಅಲ್ವಾ?

ಇನ್ನು ಎಲ್ಚೆ. ಅಲಿಕಾಂತೆಯಿಂದ ಅರ್ಧ ಗಂಟೆ. ಊರಿನ ನಡುವೆ ಖರ್ಜೂರದ ತೋಟ. ತೋಟದ ಪಕ್ಕ ಊರಿಲ್ಲ, ಊರೊಳಗೇ ತೋಟ. ಶಾಲೆಗೆ ಹೋಗುವ ಮಕ್ಕಳು, ತರಕಾರಿ ಚೀಲ ಹಿಡಿದ ಅಜ್ಜಿಯರು ಖರ್ಜೂರದ ಸಾಲಿನ ಕೆಳಗೇ ಓಡಾಡುತ್ತಾರೆ. ಯುನೆಸ್ಕೋ 2000ದಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಪೇನಿನಲ್ಲಿ ಅರಬರ ಆಳ್ವಿಕೆ ಇದ್ದಾಗ, ಹತ್ತನೇ ಶತಮಾನದ ಕೊನೆಗೆ, ಈ ತೋಟಗಳ ವ್ಯವಸ್ಥೆ ರೂಪುಗೊಂಡಿತು.

ಇಲ್ಲಿ ಹರಿಯುವ ವಿನಲೋಪೋ ನದಿಯ ನೀರು ಉಪ್ಪುಪ್ಪು. ಬೇರೆ ಬೆಳೆಗೆ ಆಗುವುದಿಲ್ಲ, ಖರ್ಜೂರ ತಡೆದುಕೊಳ್ಳುತ್ತದೆ. ಅದಕ್ಕೇ ಚೌಕ ಚೌಕ ತಾಕು ಮಾಡಿ, ಬದುವಿನ ಮೇಲೆ ಖರ್ಜೂರದ ಸಾಲು ನೆಟ್ಟರು. ಬುಡದಲ್ಲಿ ಕಾಲುವೆ. ಸಾಲಿನ ನೆರಳು ಬಿಸಿಲನ್ನೂ ಒಣಗಾಳಿಯನ್ನೂ ತಡೆಯುತ್ತದೆ, ಒಳಗಿನ ತಾಕಿನಲ್ಲಿ ದಾಳಿಂಬೆ, ಮೇವು. ಮರ ಅಂದರೆ ಬೇಲಿ, ಕೊಡೆ, ಹಣ್ಣು, ಸೌದೆ ಎಲ್ಲವೂ. ಮುಂದೆ ಇಲ್ಲಿ ನೀರಿನ ಹಕ್ಕು ಜಮೀನಿನಿಂದ ಬೇರೆಯಾಗಿ ಮಾರಾಟದ ಸರಕಾಯಿತು. ಇಷ್ಟು ಹೊತ್ತು ನೀರು ಬಿಡುವ ಹಕ್ಕು ಅಂತ ಹರಾಜು. ನನಗೆ ಇದು ಅಷ್ಟು ಹಿಡಿಸಲಿಲ್ಲ. ಭೂಮಿ ಇದ್ದವನಿಗಿಂತ ನೀರಿನ ಹಕ್ಕಿದ್ದವನೇ ಯಜಮಾನನಾಗುತ್ತಾನೆ. ಆದರೆ ಕೊರತೆ ಇದ್ದಲ್ಲಿ ಜನ ಏನೇನು ಹುಡುಕುತ್ತಾರೆ ಅಂತ ತಿಳಿಯಲು ಒಳ್ಳೆಯ ಉದಾಹರಣೆ.

ಮರ ಹತ್ತುವವರನ್ನು ನೋಡಬೇಕು. ಸೊಂಟಕ್ಕೂ ಕಾಂಡಕ್ಕೂ ಸೇರಿಸಿ ಹಗ್ಗ, ಹಗ್ಗವನ್ನು ಮೇಲೆ ಚಿಮ್ಮಿಸುತ್ತಾ ಹೆಜ್ಜೆ ಹೆಜ್ಜೆ ಏರುತ್ತಾರೆ. ಅವರ ಒಂದು ವಿಶೇಷ ಕೆಲಸ ಬಿಳಿ ಗರಿ. ಮರದ ಎಳೆ ಗರಿಗಳನ್ನೆಲ್ಲ ಒಟ್ಟುಗೂಡಿಸಿ, ಜುಟ್ಟು ಕಟ್ಟಿದ ಹಾಗೆ ಬಿಗಿದು, ಮೇಲೆ ಮುಸುಕು ಹಾಕಿಬಿಡುತ್ತಾರೆ. ತಿಂಗಳುಗಟ್ಟಲೆ ಬಿಸಿಲು ತಾಗದೆ ಒಳಗಿನ ಗರಿ ಕೆನೆ ಬಣ್ಣದಲ್ಲೇ ಉಳಿಯುತ್ತದೆ. ಈಸ್ಟರ್ ಹಿಂದಿನ ಭಾನುವಾರದ ಮೆರವಣಿಗೆಗೆ ಅದನ್ನು ಹೆಣೆದು ನಕ್ಷತ್ರ, ಸರಪಳಿ, ಗೋಪುರ ಮಾಡುತ್ತಾರೆ. ಬಿಸಿಲಿನ ನಾಡಿನಲ್ಲಿ ಬಿಸಿಲು ತಪ್ಪಿಸಿ ಬೆಳೆದ ಎಲೆಗೆ ಬೆಲೆ.

ಈ ತೋಟಕ್ಕೆ ಈಗ ದೊಡ್ಡ ಶತ್ರು ಒಂದಿದೆ. ಅದು ನಮಗೆ ಚೆನ್ನಾಗಿ ಪರಿಚಯದ ಕೆಂಪು ಮೂತಿ ಹುಳು. ತುಮಕೂರು, ಅರಸೀಕೆರೆ ಕಡೆ ತೆಂಗು ಬೆಳೆಯುವವರನ್ನು ಕೇಳಿ, ಅದರ ಜಾತಕ ಹೇಳುತ್ತಾರೆ. ಅದರ ತವರು ನಮ್ಮ ಏಷ್ಯಾ ಕಡೆಯೇ. 1990ರ ದಶಕದಲ್ಲಿ ಹೊರದೇಶದಿಂದ ತಂದ ಅಲಂಕಾರದ ಮರಗಳ ಜೊತೆ ಸ್ಪೇನಿಗೆ ಬಂತು. ಹೊಸ ಬಂಗಲೆ, ಹೊಸ ರಸ್ತೆಗೆ ದಿಢೀರ್ ಅಂತ ಬೆಳೆದ ಮರ ಬೇಕಿತ್ತು, ಮರದೊಳಗೆ ಹುಳುವೂ ಇತ್ತು. ಸುಳಿ ಒಣಗಿ ಒಂದು ಕಡೆ ವಾಲಿದ ಮರ ಕಂಡರೆ ಮುಗಿಯಿತು ಅಂತ ಅಲ್ಲಿನ ತೋಟದವರೂ ನಮ್ಮವರ ಹಾಗೇ ಹೇಳುತ್ತಾರೆ.

ಎಲ್ಚೆಗೆ ಆಗಸ್ಟ್ 14, 15ಕ್ಕೆ ಹೋದರೆ ಚರ್ಚಿನೊಳಗೆ ನಡೆಯುವ ಹಳೆಯ ಗೀತನಾಟಕ ಸಿಗುತ್ತದೆ. ಗುಮ್ಮಟದಿಂದ ಹಗ್ಗದಲ್ಲಿ ಇಳಿಯುವ ದೊಡ್ಡ ದಾಳಿಂಬೆಯಂಥ ಗೋಳ ಬಿಚ್ಚಿಕೊಂಡು ಒಳಗಿಂದ ದೇವದೂತ ಹಾಡುತ್ತಾನೆ. ಸೆಕೆ ಮಾತ್ರ ವಿಪರೀತ.

ಅಲಿಕಾಂತೆ ನಗರದಲ್ಲಿ ಬೆಟ್ಟದ ಮೇಲಿನ ಸಾಂತಾ ಬಾರ್ಬರಾ ಕೋಟೆ ಇದೆ. ಬೀಚಿನ ಎದುರಿಗೇ ಬೆಟ್ಟದೊಳಗೆ ಸುರಂಗ ಕೊರೆದು ಲಿಫ್ಟ್ ಇಟ್ಟಿದ್ದಾರೆ, ಮಂಡಿ ನೋವಿನವರು ಹೆದರಬೇಕಿಲ್ಲ. ಆದರೆ ಆ ಊರಿಗೆ ಹೋಗುವುದಾದರೆ ಜೂನ್ 20ರಿಂದ 24ರ ನಡುವೆ ಹೋಗಿ. ಸಂತ ಜಾನ್ ಹಬ್ಬ. ಬೀದಿ ಬೀದಿಯಲ್ಲಿ ಮೂರು ನಾಲ್ಕು ಅಂತಸ್ತಿನ ಎತ್ತರಕ್ಕೆ ಬಣ್ಣದ ಗೊಂಬೆಗಳನ್ನು ನಿಲ್ಲಿಸುತ್ತಾರೆ, ರಾಜಕಾರಣಿಗಳ ಅಣಕವೇ ಜಾಸ್ತಿ. ವರ್ಷವಿಡೀ ಮಾಡಿದ್ದನ್ನು 24ರ ರಾತ್ರಿ ಸುಟ್ಟುಬಿಡುತ್ತಾರೆ. ಉರಿ ಕಟ್ಟಡಗಳಿಗೆ ತಗುಲದ ಹಾಗೆ ಅಗ್ನಿಶಾಮಕ ದಳದವರು ಪೈಪ್ ಹಿಡಿದು ನಿಂತಿರುತ್ತಾರೆ. ಬೆಂಕಿಯ ಝಳಕ್ಕೆ ಬೆಂದ ಜನ ಅವರನ್ನು ಕೆಣಕುತ್ತಾರೆ, ನೀರು ನೀರು ಅಂತ ಕೂಗುತ್ತಾರೆ. ಅವರು ಪೈಪನ್ನು ಬೆಂಕಿಯಿಂದ ಜನರ ಕಡೆಗೆ ತಿರುಗಿಸುತ್ತಾರೆ. ಸೂಟು ಹಾಕಿದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು ಎಲ್ಲ ತೊಪ್ಪೆ. ವರ್ಷಪೂರ್ತಿ ಹನಿ ಹನಿಗೆ ಲೆಕ್ಕ ಇಡುವ ಊರು ಒಂದು ರಾತ್ರಿ ಪೋಲು ಮಾಡುವುದನ್ನು ನೋಡಿ ನನ್ನೊಳಗಿನ ಇಂಜಿನಿಯರ್ ಕೂಡ ಸುಮ್ಮನಿದ್ದ.

ಊರಿನ ಹಿಂದೆ ತಿಬಿ ಅಂತ ಅಣೆಕಟ್ಟು ಇದೆ. 1594ರಲ್ಲಿ ಕಟ್ಟಿ ಮುಗಿಸಿದ್ದು, ನಲವತ್ತು ಮೀಟರಿಗೂ ಜಾಸ್ತಿ ಎತ್ತರದ ಕಲ್ಲಿನ ಕಟ್ಟೆ. ಅಲ್ಲಿಗೆ ಪ್ರವಾಸಿಗರು ಹೋಗುವುದು ಅಪರೂಪ. ನಾನು ಹೋದೆ, ಮಗಳು ಕಾರಿನಲ್ಲೇ ಕೂತಿದ್ದಳು.

ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ ತೊರ್ರೆವಿಯೆಹಾ. ಅಲ್ಲಿನ ಸರೋವರ ಗುಲಾಬಿ ಬಣ್ಣದ್ದು. ಬಣ್ಣ ಕೊಡುವುದು ವಿಪರೀತ ಉಪ್ಪಿನಲ್ಲಿ ಮಾತ್ರ ಬದುಕುವ ಪಾಚಿ ಮತ್ತು ಸೂಕ್ಷ್ಮಜೀವಿಗಳು. ಇಲ್ಲಿ ಬಿಸಿಲೇ ಕೆಲಸಗಾರ, ನೀರನ್ನು ಆರಿಸಿ ಉಪ್ಪು ಬಿಡುತ್ತಾನೆ. ಸಮುದ್ರದ ನೀರು ಸಾಲದು ಅಂತ ಒಳನಾಡಿನ ಪಿನೋಸೋದಲ್ಲಿರುವ ಉಪ್ಪಿನ ಗುಡ್ಡವನ್ನು ಕರಗಿಸಿ, ಆ ಉಪ್ಪುನೀರನ್ನು ಐವತ್ತು ಕಿಲೋಮೀಟರ್ ಪೈಪಿನಲ್ಲಿ ಇಲ್ಲಿಗೆ ತರುತ್ತಾರೆ. ಅದೇ ಊರಿನಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆದು ಸಿಹಿನೀರು ಮಾಡುವ ಯುರೋಪಿನ ಅತಿ ದೊಡ್ಡ ಘಟಕಗಳಲ್ಲಿ ಒಂದಿದೆ. ಒಂದು ಕಡೆ ಉಪ್ಪು ಬೇಕು ನೀರು ಬೇಡ, ಇನ್ನೊಂದು ಕಡೆ ನೀರು ಬೇಕು ಉಪ್ಪು ಬೇಡ. ಸರೋವರಕ್ಕೆ ಇಳಿಯಬೇಡಿ, ಅದಕ್ಕೆ ನಿಷೇಧ ಇದೆ. ದಂಡೆಯಿಂದ ಫ್ಲೆಮಿಂಗೋ ಹಕ್ಕಿ ನೋಡಬಹುದು.

ತಬಾರ್ಕಾ ದ್ವೀಪವನ್ನು ಮಾತ್ರ ತಪ್ಪಿಸಬೇಡಿ. ಸಾಂತಾ ಪೋಲಾದಿಂದ ದೋಣಿ. ಟುನಿಶಿಯಾ ತೀರದ ಒಂದು ದ್ವೀಪದಲ್ಲಿದ್ದ ಜಿನೋವಾ ಮೂಲದವರು ಸೆರೆ ಸಿಕ್ಕಿದ್ದರು. ಸ್ಪೇನಿನ ರಾಜ ಅವರನ್ನು ಬಿಡಿಸಿ ತಂದು ಹದಿನೆಂಟನೇ ಶತಮಾನದಲ್ಲಿ ಇಲ್ಲಿ ನೆಲೆಗೊಳಿಸಿದ. ಬಿಟ್ಟು ಬಂದ ದ್ವೀಪದ ಹೆಸರನ್ನೇ ಹೊಸದಕ್ಕೂ ಇಟ್ಟುಕೊಂಡರು. 1986ರಲ್ಲಿ ಇದು ಸ್ಪೇನಿನ ಮೊದಲ ಸಂರಕ್ಷಿತ ಕಡಲಪ್ರದೇಶವಾಯಿತು. ನೀರಿನಡಿಯ ಮೀನು ಮೇಲಿಂದಲೇ ಕಾಣುತ್ತವೆ. ಮೆಡಿಟರೇನಿಯನ್ ಇಷ್ಟು ತಿಳಿಯಾಗಿರಲು ಒಂದು ಕಾರಣ ಅದರಲ್ಲಿ ಪೋಷಕಾಂಶ ಕಡಿಮೆ, ತೇಲುವ ಸೂಕ್ಷ್ಮ ಸಸ್ಯಗಳೂ ಕಡಿಮೆ. ಇನ್ನೊಂದು ಪೊಸಿಡೋನಿಯಾ ಅನ್ನುವ ಕಡಲಹುಲ್ಲು. ಅದರ ಹಾಸು ಮರಳನ್ನು ಹಿಡಿದಿಟ್ಟು ನೀರು ಕದಡದಂತೆ ನೋಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಇದರ ಒಣ ಎಲೆ ದಡದಲ್ಲಿ ಮೊಣಕಾಲುದ್ದ ರಾಶಿ ಬೀಳುತ್ತದೆ. ಕಸ ಗುಡಿಸಿಲ್ಲ ಅಂತ ಪ್ರವಾಸಿಗರು ದೂರುತ್ತಾರೆ. ಆ ರಾಶಿಯೇ ಬಿರುಗಾಳಿಯ ಅಲೆಗೆ ಮರಳು ಕೊಚ್ಚಿಹೋಗದಂತೆ ತಡೆಯುವುದು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ವಿಯಾಹೊಯೋಸಾದಲ್ಲಿ ಮನೆಗೊಂದು ಬಣ್ಣದ ಸಾಲುಮನೆಗಳು, ಜೊತೆಗೆ ಹಳೆಯ ಚಾಕೊಲೇಟ್ ಕಾರ್ಖಾನೆ. ಕಾಲ್ಪೆಯಲ್ಲಿ ಸಮುದ್ರದಿಂದ ನೇರ ಎದ್ದ 332 ಮೀಟರ್ ಬಂಡೆ. ಹಿಹೋನಾದಲ್ಲಿ ಬಾದಾಮಿ, ಜೇನು ಸೇರಿಸಿ ಮಾಡುವ ತುರ್ರೋನ್ ಮಿಠಾಯಿ. ಬಾದಾಮಿ ಹೂ ನೋಡಬೇಕಾದರೆ ಫೆಬ್ರವರಿ.

ಬಿಸಿಲಿನ ನಾಡು ಅಂತ ಮಳೆಯನ್ನು ಹಗುರವಾಗಿ ಕಾಣಬೇಡಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿಸಿಯಾದ ಸಮುದ್ರದ ಮೇಲೆ ಎತ್ತರದಲ್ಲಿ ತಣ್ಣನೆ ಗಾಳಿ ಬಂದು ಕೂತರೆ ವರ್ಷದ ಮಳೆ ಒಂದೇ ದಿನ ಸುರಿಯುತ್ತದೆ. 2024ರ ಅಕ್ಟೋಬರಿನಲ್ಲಿ ಪಕ್ಕದ ವೇಲೆನ್ಸಿಯಾ ಸುತ್ತ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಒಣಗಿದ ಹಳ್ಳದ ಪಾತ್ರದಲ್ಲಿ ಮನೆ, ರಸ್ತೆ, ಪಾರ್ಕಿಂಗ್ ಮಾಡಿಕೊಂಡದ್ದಕ್ಕೆ ತೆತ್ತ ಬೆಲೆ ಅದರಲ್ಲಿ ಸೇರಿದೆ, ನಮಗೂ ಗೊತ್ತಿರುವ ಕಥೆಯೇ. ಅಲಿಕಾಂತೆಯವರು 2015ರಲ್ಲಿ ಲಾ ಮಾರ್ಜಲ್ ಅಂತ ಒಂದು ಪಾರ್ಕ್ ಮಾಡಿದರು. ಮಾಮೂಲಿ ದಿನ ಕೊಳ, ಬಾತುಕೋಳಿ, ವಾಕಿಂಗ್ ದಾರಿ. ದೊಡ್ಡ ಮಳೆ ಬಂದರೆ ಇಡೀ ಪಾರ್ಕೇ ಕೆರೆಯಾಗಿ 45,000 ಘನ ಮೀಟರ್ ನೀರು ಹಿಡಿಯುತ್ತದೆ.

ಪ್ರಶ್ನೆಗಳಲ್ಲಿ ಮೊದಲನೆಯದು ನಿರೀಕ್ಷಿಸಿದ್ದೇ: ಸಸ್ಯಾಹಾರಿಗಳಿಗೆ ಊಟ? ಸಿಗುತ್ತದೆ, ಆದರೆ ಕೇಳಿ ತಿನ್ನಿ. ಅನ್ನದ ನಾಡು ಅದು. ಅಗಲವಾದ ಬಾಣಲೆಯಲ್ಲಿ ತೆಳ್ಳಗೆ ಹರಡಿ ಬೇಯಿಸುತ್ತಾರೆ, ತಳದ ಸೀಕಲಿಗೆ ಜಗಳವಾಡುತ್ತಾರೆ. ಮೇಲೆ ಬರೀ ತರಕಾರಿ ಕಂಡರೂ ಒಳಗೆ ಮೀನಿನ ಸಾರು ಹಾಕಿರಬಹುದು. ಬದನೆಕಾಯಿ, ಕೆಂಪು ದೊಣ್ಣೆ ಮೆಣಸಿನಕಾಯಿ ಸುಟ್ಟು ಎಣ್ಣೆ ಹಾಕಿ ಕೊಡುವ ಎಸ್ಪೆಂಕಾತ್ ಕೇಳಿ, ಒಣಮೀನು ಬೇಡ ಅಂತ ಮೊದಲೇ ಹೇಳಿ. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದು ಒಂಬತ್ತರ ಮೇಲೆ. ಏಳಕ್ಕೆ ಹಸಿವಾಗುವವರು ಬಿಸ್ಕತ್ತು ಇಟ್ಟುಕೊಳ್ಳಿ.

ಯಾವಾಗ ಹೋಗಬೇಕು ಅಂತ ಇನ್ನೊಬ್ಬರು ಕೇಳಿದರು. ನನ್ನ ಮತ ಮೇ ಕೊನೆಯಿಂದ ಜೂನ್ ಕೊನೆ. ಸಮುದ್ರ ಬೆಚ್ಚಗಾಗಿರುತ್ತದೆ, ಹೋಟೆಲ್ ಬೆಲೆ ಏರಿರುವುದಿಲ್ಲ, ಬೆಂಕಿ ಹಬ್ಬವೂ ಸಿಗುತ್ತದೆ. ಕಾರು ಬೇಕೇ ಬೇಕಾ ಅಂದರೆ, ಬೆಟ್ಟದ ಊರುಗಳಿಗೆ ಬೇಕು, ತೀರಕ್ಕೆ ಬೇಡ. ಮ್ಯಾಡ್ರಿಡ್‌ನಿಂದ ಅಲಿಕಾಂತೆಗೆ ಎರಡೂವರೆ ಗಂಟೆಯ ವೇಗದ ರೈಲು. ಅಲ್ಲಿಂದ ಬೆನಿಡೋರ್ಮ್‌ಗೆ ಟ್ರಾಮ್, ಬೆನಿಡೋರ್ಮ್‌ನಲ್ಲಿ ಬದಲಾಯಿಸಿದರೆ ದೇನಿಯಾವರೆಗೂ ಹೋಗುತ್ತದೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆ.